ಒರತೆ ನೀರಿಗೆ ಗ್ರ್ಯಾಫೀನ್ ಚಿಪ್ ಬೇಕೆ?

ಪ್ರಶ್ನೆ: ಮೇಡಂ, ನಮ್ಮದು ಕೊಡಗಿನ ಕಕ್ಕಬ್ಬೆ ಹತ್ತಿರ ಕಾಫಿ ತೋಟ, ಜೊತೆಗೊಂದು ಚಿಕ್ಕ ಹೋಂಸ್ಟೇ. ಮೇಲಿನ ಗುಡ್ಡದ ಒರತೆಯಿಂದ ಪೈಪಿನಲ್ಲಿ ನೀರು ತಾನಾಗಿ ಟ್ಯಾಂಕಿಗೆ ಬರುತ್ತದೆ. ಈಚೆಗೆ ತಂಗಿದ್ದ ಅತಿಥಿಯೊಬ್ಬರು, ‘ಗ್ರ್ಯಾಫೀನ್ ಸೆನ್ಸರ್ ಬಂದಿದೆ, ಒಂದು ಹನಿ ನೀರು ಹಾಕಿದರೆ ಮಲದಿಂದ ಬರುವ ಇ. ಕೋಲಿ ಬ್ಯಾಕ್ಟೀರಿಯಾ ಇದೆಯೋ ಇಲ್ಲವೋ ನಿಮಿಷಗಳಲ್ಲಿ ಹೇಳುತ್ತದೆ’ ಎಂದರು. ನಾವು ಬಳಸುವುದು ನೀರು ಕೆಟ್ಟಿದ್ದರೆ ಕಪ್ಪಾಗುವ ಪರೀಕ್ಷೆಯ ಬಾಟಲಿ. ಕಳೆದ ಜುಲೈನಲ್ಲಿ ಅಡುಗೆಮನೆ ಕಿಟಕಿಯ ಹತ್ತಿರ ಒಂದು ದಿನ ಇಟ್ಟರೂ ಕಪ್ಪಾಗಲಿಲ್ಲ. ಅದನ್ನೇ ನಂಬಬಹುದೆ, ಸೆನ್ಸರ್ ತರಿಸಬೇಕೆ?
– ಓದುಗರು, ಕಕ್ಕಬ್ಬೆ

ಉತ್ತರ: ತರಿಸಬೇಡಿ. ಜುಲೈ ತಿಂಗಳ ಬಾಟಲಿಯನ್ನೂ ಹಾಗೆ ನಂಬಬೇಡಿ.

ನಿಮ್ಮ ಅತಿಥಿ ಹೇಳಿದ್ದು ಬುರುಡೆಯಲ್ಲ. ಗ್ರ್ಯಾಫೀನ್ ಎಂದರೆ ಒಂದೇ ಪರಮಾಣು ದಪ್ಪದ ಇಂಗಾಲದ ಹಾಳೆ. ಮ್ಯಾಂಚೆಸ್ಟರಿನ ಆಂದ್ರೆ ಗೈಮ್, ಕಾನ್‌ಸ್ಟಾಂಟಿನ್ ನೊವೊಸೆಲೊವ್ 2004ರಲ್ಲಿ ಗ್ರಾಫೈಟಿನಿಂದ ಅಂಟುಟೇಪಿನಲ್ಲಿ ಪದರ ಕಿತ್ತು ಕಿತ್ತು ಅದನ್ನು ಬೇರ್ಪಡಿಸಿದರು. 2010ರಲ್ಲಿ ನೊಬೆಲ್ ಪಡೆದರು. ಈ ಹಾಳೆಗೆ ಒಳಗು ಎಂಬುದೇ ಇಲ್ಲ, ಪ್ರತಿ ಪರಮಾಣುವೂ ಹೊರಮೈಯಲ್ಲೇ. ಹಾಗಾಗಿ ಪಕ್ಕದಲ್ಲಿ ಯಾವ ವಿದ್ಯುದಂಶ ಬಂದು ಕೂತರೂ ಅದರಲ್ಲಿ ಹರಿಯುವ ಕರೆಂಟು ಏರುಪೇರಾಗುತ್ತದೆ. ಇ. ಕೋಲಿಯನ್ನೇ ಗುರುತಿಸಿ ಹಿಡಿಯುವ ಪ್ರೋಟೀನುಗಳನ್ನು, ಅಂದರೆ ಪ್ರತಿಕಾಯಗಳನ್ನು, ಹಾಳೆಗೆ ಕೂರಿಸಿರುತ್ತಾರೆ. ಬ್ಯಾಕ್ಟೀರಿಯಾದ ಮೈಯಲ್ಲಿ ಋಣ ವಿದ್ಯುದಂಶ. ಅದು ಸಿಕ್ಕಿಬಿದ್ದರೆ ಕರೆಂಟಿನಲ್ಲಿ ಗೊತ್ತಾಗುತ್ತದೆ. ಬೆಳೆಸಿ ನೋಡುವ ಕೆಲಸವಿಲ್ಲ, ಅದಕ್ಕೇ ನಿಮಿಷಗಳಲ್ಲಿ ಉತ್ತರ. ಪೆಟ್ರಿ ತಟ್ಟೆಗಳನ್ನು ಇನ್‌ಕ್ಯುಬೇಟರಿಗೆ ತುಂಬಿ ಮರುದಿನಕ್ಕೆ ಕಾಯುತ್ತಲೇ ನೌಕರಿ ಮುಗಿಸಿದ ನನ್ನಂಥವಳಿಗೆ ಹೊಟ್ಟೆಕಿಚ್ಚಾಗುವ ವಿಷಯವೇ.

ಆದರೆ ಆ ‘ಒಂದು ಹನಿ’ಯ ಲೆಕ್ಕ ನೋಡಿ. ಕುಡಿಯುವ ನೀರಿಗೆ ನಮ್ಮ ದೇಶದ ಮಾನಕ ಐಎಸ್ 10500. ಅದರ ಪ್ರಕಾರ 100 ಎಂಎಲ್ ನೀರಿನಲ್ಲಿ ಇ. ಕೋಲಿ ಒಂದೂ ಸಿಗಕೂಡದು. ಸೆನ್ಸರ್ ಚಿಪ್‌ನ ಮೇಲೆ ಬಿಡುವ ಹನಿ 20 ಮೈಕ್ರೋಲೀಟರ್ ಎಂದಿಟ್ಟುಕೊಂಡರೆ, 100 ಎಂಎಲ್ ಅಂದರೆ ಅಂಥ 5,000 ಹನಿ. ಅಷ್ಟು ನೀರಿನಲ್ಲಿ ಹತ್ತು ಇ. ಕೋಲಿ ಇವೆ ಅನ್ನಿ. ನೀರು ಕುಡಿಯಲು ನಾಲಾಯಕ್ಕು. ಆದರೂ ನೀವು ತೆಗೆದ ಹನಿಗೆ ಒಂದಾದರೂ ಬಂದಿರುವ ಸಂಭವ ಸುಮಾರು 500ಕ್ಕೆ ಒಂದು. ಸೆನ್ಸರ್ ಎಷ್ಟೇ ಚುರುಕಿರಲಿ, ಹನಿಯಲ್ಲಿ ಇಲ್ಲದ್ದನ್ನು ಎಲ್ಲಿಂದ ತೋರಿಸೀತು? 0.45 ಮೈಕ್ರಾನ್ ರಂಧ್ರದ ಪೊರೆಯಲ್ಲಿ ಪೂರ್ತಿ 100 ಎಂಎಲ್ ಸೋಸಿ, ಪೊರೆಯಲ್ಲಿ ನಿಂತದ್ದನ್ನು ಚೂರೇ ದ್ರವಕ್ಕೆ ತೊಳೆದು ಇಳಿಸಿ, ಆಮೇಲೆ ಹನಿ ತೆಗೆಯಬೇಕು. ಸುದ್ದಿಗಳಲ್ಲಿ ಈ ಸೋಸುವಿಕೆಗೆ ಒಂದು ಸಾಲೂ ಸಿಗುವುದಿಲ್ಲ. ನನ್ನ ಪ್ರಕಾರ ಅರ್ಧ ಕೆಲಸ ಅದೇ.

ಮೇಲಾಗಿ ನಮ್ಮ ಮಳೆಗಾಲದ ನೀರು. ಕೊಳೆತ ಎಲೆಯ ಕಂದು ಸಾರವೂ ಗ್ರ್ಯಾಫೀನಿಗೆ ಅಂಟಿಕೊಳ್ಳುತ್ತದೆ, ಅದಕ್ಕೆ ಪ್ರತಿಕಾಯದ ಹಂಗಿಲ್ಲ. ಪ್ರಯೋಗಾಲಯದಲ್ಲಿ ಖಾಲಿ ಜಾಗವನ್ನು ಪ್ರೋಟೀನಿನಿಂದ ಮುಚ್ಚಿ ಇದನ್ನು ತಡೆಯಲು ನೋಡುತ್ತಾರೆ. ಇನ್ನೊಂದು: ಪ್ರತಿಕಾಯ ಸತ್ತದ್ದು ಬದುಕಿದ್ದು ಎಂದು ಭೇದ ಮಾಡುವುದಿಲ್ಲ. ನೀವು ಬ್ಲೀಚಿಂಗ್ ಪೌಡರ್ ಹಾಕಿ ಕೊಂದ ಮೇಲೂ ಹೆಣ ಹಿಡಿದುಕೊಂಡು ‘ಇದೆ’ ಎಂದೀತು.

ಈಗ ನಿಮ್ಮ ಬಾಟಲಿ. ಮಲದ ಜೊತೆ ಬರುವ ಕೆಲವು ಬ್ಯಾಕ್ಟೀರಿಯಾ ಅದರೊಳಗೆ ಬೆಳೆದು ಹೈಡ್ರೋಜನ್ ಸಲ್ಫೈಡ್ ಅನಿಲ ಬಿಡುತ್ತವೆ; ಅದು ಬಾಟಲಿಯಲ್ಲಿರುವ ಕಬ್ಬಿಣಕ್ಕೆ ಸೇರಿ ಕಪ್ಪಾಗುತ್ತದೆ. ತಮಾಷೆಯೆಂದರೆ ಇ. ಕೋಲಿ ಸಾಮಾನ್ಯವಾಗಿ ಈ ಅನಿಲ ಬಿಡುವುದೇ ಇಲ್ಲ, ಚಾಡಿ ಹೇಳುವುದು ಅದರ ಜೊತೆಗಾರರು. ಅವು ಚೆನ್ನಾಗಿ ಬೆಳೆಯಲು 30ರಿಂದ 37 ಡಿಗ್ರಿ ಬೆಚ್ಚಗಿರಬೇಕು. ಜಡಿಮಳೆಯಲ್ಲಿ ನಿಮ್ಮ ಅಡುಗೆಮನೆ ಕಿಟಕಿಯ ಹತ್ತಿರ ಅಷ್ಟು ಬಿಸಿ ಎಲ್ಲಿಂದ ಬರಬೇಕು? ಆ ಥಂಡಿಯಲ್ಲಿ ಒಂದು ದಿನಕ್ಕೆ ಕಪ್ಪಾಗಲಿಲ್ಲ ಎಂದರೆ ನೀರು ಶುದ್ಧ ಎಂದಲ್ಲ. ಮೊಸರಿಗೆ ಹೆಪ್ಪು ಹಾಕಿದ ಪಾತ್ರೆಯನ್ನು ಮಳೆಗಾಲದಲ್ಲಿ ಎಲ್ಲಿಡುತ್ತೀರೋ ಬಾಟಲಿಯನ್ನೂ ಅಲ್ಲೇ ಇಡಿ: ಬಚ್ಚಲೊಲೆಯ ಪಕ್ಕದ ಗೋಡೆಗೆ, ಬಟ್ಟೆ ಸುತ್ತಿ. ಒಲೆಯ ಮೇಲಲ್ಲ, ಬೆಂದರೆ ಎಲ್ಲವೂ ಸಾಯುತ್ತವೆ. ಗೆರೆಯವರೆಗೆ ನೀರು ತುಂಬಿ, ಬಾಟಲಿಯ ಬಾಯಿಗೆ, ಮುಚ್ಚಳದ ಒಳಮೈಗೆ ಬೆರಳು ತಾಗಿಸದೆ ಮುಚ್ಚಿ, 48 ಗಂಟೆ ನೋಡಿ. ಕಪ್ಪಾದರೆ ಬ್ಲೀಚಿಂಗ್ ಪೌಡರ್ ಹಾಕಿ ಬಿಟ್ಟು ಆಮೇಲೆ ಚೆಲ್ಲಿ.

ಕಪ್ಪಾದ ಮೇಲೆ ಪೈಪಿನ ಜಾಡು ಹಿಡಿದು ಒರತೆಯ ಮೇಲಕ್ಕೆ ಹತ್ತಿ. ತೋಟದ ಕೆಲಸಗಾರರ ಲೈನ್ ಮನೆಯ ಶೌಚದ ಗುಂಡಿಯೋ, ಹಂದಿಗೂಡೋ, ದನ ಮೇಯುವ ಜಾಗವೋ ಏನಾದರೂ ಮೇಲ್ಗಡೆ ಇದ್ದೇ ಇರುತ್ತದೆ. ಕಪ್ಪಾಗಲಿ ಬಿಡಲಿ, ಮಳೆ ನಿಲ್ಲುವವರೆಗೆ ಅತಿಥಿಗಳಿಗೆ ಕುದಿಸಿದ ನೀರನ್ನೇ ಕೊಡಿ. ಕೊತಕೊತ ಕುದಿ ಒಂದು ನಿಮಿಷ ಸಾಕು. ನಮ್ಮ ಎತ್ತರದಲ್ಲಿ ನೀರು 97 ಡಿಗ್ರಿಯ ಆಸುಪಾಸಿಗೇ ಕುದಿಯುತ್ತದೆ, ಇ. ಕೋಲಿಗೆ ಅದು ಧಾರಾಳವಾಯಿತು.

ಪ್ರಶ್ನೆ: ಹಲ್ಲಿಗೆ ಗ್ರ್ಯಾಫೀನ್ ಅಂಟಿಸಿ ಬ್ಯಾಕ್ಟೀರಿಯಾ ಪತ್ತೆ ಮಾಡಿದ್ದಾರಂತೆ. ನಿಜವೇ ಮೇಡಂ?
– ವಿದ್ಯಾರ್ಥಿನಿ, ಪೊನ್ನಂಪೇಟೆ

ಉತ್ತರ: ನಿಜ ಕಣಮ್ಮ. 2012ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದವರು ತೋರಿಸಿದರು. ರೇಷ್ಮೆಯ ತೆಳು ಪೊರೆಯ ಮೇಲೆ ಗ್ರ್ಯಾಫೀನ್ ಕೂರಿಸಿ ಹಲ್ಲಿಗೆ ಒತ್ತಿದರು. ನೀರು ತಾಗಿದಾಗ ರೇಷ್ಮೆ ಕರಗಿಹೋಗಿ ಗ್ರ್ಯಾಫೀನ್ ಹಲ್ಲಿನ ಮೇಲೆ ಉಳಿಯಿತು. ಬ್ಯಾಕ್ಟೀರಿಯಾ ಹಿಡಿಯಲು ಪ್ರತಿಕಾಯದ ಬದಲು ಪೆಪ್ಟೈಡ್, ಅಂದರೆ ಅಮೈನೋ ಆಮ್ಲಗಳ ಚಿಕ್ಕ ಸರಪಳಿ, ಬಳಸಿದ್ದರು. ಬ್ಯಾಟರಿ ಇಲ್ಲ, ಹೊರಗೆ ಹಿಡಿದ ಉಪಕರಣವೇ ತಂತಿಯಿಲ್ಲದೆ ಅದನ್ನು ಓದುತ್ತದೆ. ಹೊಟ್ಟೆಯ ಹುಣ್ಣಿಗೆ ಕಾರಣವಾಗುವ ಹೆಲಿಕೋಬ್ಯಾಕ್ಟರ್ ಪೈಲೋರಿಯನ್ನು ಜೊಲ್ಲಿನಲ್ಲಿ ಹೀಗೆ ಪತ್ತೆ ಹಚ್ಚಿದರು. ಸೆಮಿನಾರಿಗೆ ಇದನ್ನೇ ಆರಿಸಿಕೊಳ್ಳುವುದಾದರೆ ಪೆಪ್ಟೈಡ್ ಭಾಗವನ್ನು ಗಟ್ಟಿ ಓದಿಕೊಂಡು ಹೋಗಿ, ಪ್ರಶ್ನೆ ಬರುವುದೇ ಅಲ್ಲಿಂದ.