ಪ್ಯಾಂಕ್ರಿಯಾಸ್ ಕ್ಯಾನ್ಸರ್: ರಿಪೋರ್ಟ್‌ನಲ್ಲಿ ‘ಕೆರಾಸ್ ಜಿ12ಡಿ’ ಅಂದರೆ ಏನು?

ಬದಿಯಡ್ಕದಿಂದ ಕೇಳಿದ್ದೀರಿ: ಮಾವನವರ ಬಯಾಪ್ಸಿಯಲ್ಲಿ ‘ಕೆರಾಸ್ ಜಿ12ಡಿ’ ಎಂದಿದೆ, ಇದು ಮಕ್ಕಳಿಗೂ ಬರುತ್ತದಾ?

ಮೊದಲು ಮಕ್ಕಳ ವಿಷಯ. ಗೆಡ್ಡೆಯಲ್ಲಿ ಕಾಣುವ ಕೆರಾಸ್ ಜೀನ್‌ನ ಈ ಬದಲಾವಣೆ ಸಾಮಾನ್ಯವಾಗಿ ಹುಟ್ಟಿನಿಂದ ಬಂದದ್ದಲ್ಲ, ಪ್ಯಾಂಕ್ರಿಯಾಸ್ ಗ್ರಂಥಿಯ ಜೀವಕೋಶದಲ್ಲೇ ಆದದ್ದು. ಬಿಆರ್‌ಸಿಎ2ನಂಥ ಬೇರೆ ಜೀನ್‌ಗಳ ದೋಷ ಮಾತ್ರ ವಂಶದಲ್ಲಿ ಬರಬಹುದು. ಅದಕ್ಕೆ ರಕ್ತಪರೀಕ್ಷೆ ಬೇರೆ ಇದೆ.

ಕೆರಾಸ್ ಜೀನ್‌ನಿಂದ ಅದೇ ಹೆಸರಿನ ಪ್ರೋಟೀನ್ ತಯಾರಾಗುತ್ತದೆ. ‘ಬೆಳೆ’ ಎಂಬ ಸಂಕೇತ ಬಂದಾಗ ಆನ್ ಆಗಿ, ಕೆಲಸ ಮುಗಿದ ಮೇಲೆ ಆಫ್ ಆಗಬೇಕು. ಜಿ12ಡಿ ಬದಲಾವಣೆ ಆದರೆ ಆಫ್ ಆಗುವುದೇ ಕಷ್ಟ, ತೋಟದ ಪಂಪಿನ ಸ್ವಿಚ್ ಸಿಕ್ಕಿಹಾಕಿಕೊಂಡ ಹಾಗೆ. ರಾಫ್, ಮೆಕ್, ಇಆರ್‌ಕೆ ಎಂಬ ಪ್ರೋಟೀನ್‌ಗಳ ಸರಪಳಿಯಲ್ಲಿ ‘ವಿಭಜನೆಯಾಗು’ ಎಂಬ ಸಂದೇಶ ಹೋಗುತ್ತಲೇ ಇರುತ್ತದೆ. ಪ್ಯಾಂಕ್ರಿಯಾಸ್‌ನ ಸಾಮಾನ್ಯ ಬಗೆಯ ಕ್ಯಾನ್ಸರ್‌ಗಳಲ್ಲಿ ಸುಮಾರು 90% ರಲ್ಲಿ ಕೆರಾಸ್ ಕೆಟ್ಟಿರುತ್ತದೆ.

ಆದರೆ ಕ್ಯಾನ್ಸರ್ ಆಗಲು ಇದೊಂದೇ ಸಾಲದು. ವರ್ಷಗಳಲ್ಲಿ ಸಿಡಿಕೆಎನ್2ಎ, ಟಿಪಿ53, ಸ್ಮ್ಯಾಡ್4 ಎಂಬ, ಬೆಳವಣಿಗೆಗೆ ತಡೆಯೊಡ್ಡುವ ಜೀನ್‌ಗಳೂ ಹಲವು ಸಲ ಕೆಟ್ಟುಹೋಗುತ್ತವೆ. ಟಿಜಿಎಫ್-ಬೀಟಾ ಎಂಬ ಸಂಕೇತ ಮೊದಲು ಬೆಳವಣಿಗೆ ತಡೆಯುತ್ತಿತ್ತು. ಸ್ಮ್ಯಾಡ್4 ಹೋದಮೇಲೆ ಅದೇ ಸಂಕೇತ ಹರಡಲು ನೆರವಾಗಬಹುದು.

ಜಾಸ್ತಿ ಜನರಿಗೆ ಗೊತ್ತಿಲ್ಲದ್ದು ಇನ್ನೊಂದಿದೆ. ಕ್ಯಾನ್ಸರ್ ಕೋಶಗಳು ಪಕ್ಕದಲ್ಲಿರುವ, ನಾರು ತಯಾರಿಸುವ ಸ್ಟೆಲೇಟ್ ಕೋಶಗಳಿಗೂ ಸಂಕೇತ ಕಳಿಸುತ್ತವೆ. ಈ ಸ್ಟೆಲೇಟ್ ಕೋಶಗಳು ಕೊಲಾಜೆನ್ ಎಂಬ ನಾರು ತುಂಬಿ ಗೆಡ್ಡೆಯನ್ನು ಗಟ್ಟಿ ಮಾಡುತ್ತವೆ, ರಕ್ತನಾಳಗಳು ಅಮುಕಿಹೋಗುತ್ತವೆ. ಕೀಮೋ ಒಳಗೆ ಸರಿಯಾಗಿ ತಲುಪದಿರಲು ಇದೂ ಒಂದು ಕಾರಣ.

ಈಗಾಗಲೇ ಇರುವ ಸೊಟೊರಾಸಿಬ್ ಎಂಬ ಔಷಧ ಕೆರಾಸ್‌ನ ಜಿ12ಸಿ ಎಂಬ ಬೇರೆ ಬದಲಾವಣೆಗೆ ಮಾತ್ರ, ಮಾವನವರಿಗೆ ಹೊಂದುವುದಿಲ್ಲ. ಮುಂದಿನ ಸಲ ಮಂಗಳೂರಿಗೆ ಹೋದಾಗ ಜಿ12ಡಿ ಔಷಧಗಳ ಪ್ರಯೋಗ ಮತ್ತು ವಂಶದ ದೋಷ ನೋಡುವ ಆ ರಕ್ತಪರೀಕ್ಷೆ, ಎರಡನ್ನೂ ಡಾಕ್ಟರ ಹತ್ತಿರ ಖಂಡಿತ ಕೇಳಿ.