ಎಕ್ಸ್200, ಟಿ60, ಎಕ್ಸ್201: ಲಿಬ್ರೆಬೂಟ್ ಯಾವುದಕ್ಕೆ ಕೂರುತ್ತದೆ?

ನಮಸ್ಕಾರ. ನಿಮ್ಮ ಹತ್ತಿರ ಮೂರು ಹಳೆ ಥಿಂಕ್‌ಪ್ಯಾಡ್ ಇವೆ, ಎಕ್ಸ್200, ಟಿ60 ಮತ್ತು ಎಕ್ಸ್201. ಇವುಗಳ ಬಯೋಸ್ (ಯಂತ್ರ ಆನ್ ಆದಾಗ ಮೊದಲು ಓಡುವ ಕಂಪನಿಯ ಪ್ರೋಗ್ರಾಂ) ತೆಗೆದು ಅದೇ ಕೆಲಸ ಮಾಡುವ ಮುಕ್ತ ಪ್ರೋಗ್ರಾಂ ಲಿಬ್ರೆಬೂಟ್ ಹಾಕಬೇಕು, ಯಾವುದಕ್ಕೆ ಆಗುತ್ತದೆ, ಆಮೇಲೆ ವೈಫೈ ಸಿಗುತ್ತದಾ ಅಂತ ಕೇಳಿದ್ದೀರಿ. ಮೇಲೆ ಒಬ್ಬರು "ಹಳೆ ಥಿಂಕ್‌ಪ್ಯಾಡ್ ಆದರೆ ಸಾಕು, ಎಲ್ಲಕ್ಕೂ ಆಗುತ್ತೆ" ಅಂದಿದ್ದಾರೆ. ಆ ಮಾತು ನಂಬಿ ಸ್ಕ್ರೂ ಬಿಚ್ಚಬೇಡಿ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಎಕ್ಸ್200ಕ್ಕೆ ಧೈರ್ಯವಾಗಿ ಹಾಕಿ. ಟಿ60ರಲ್ಲಿ ಯಾವ ಗ್ರಾಫಿಕ್ಸ್ ಚಿಪ್ ಇದೆ ಅಂತ ನೋಡಿ ತೀರ್ಮಾನ ಮಾಡಿ. ಎಕ್ಸ್201 ಈ ಕೆಲಸಕ್ಕೆ ಬೇಡ. ಮೇಲಿನ ಹೆಸರು ಒಂದೇ ಥರ ಇದ್ದರೂ ಒಳಗಿನ ಚಿಪ್‌ಸೆಟ್ (ಪ್ರೊಸೆಸರ್, ರ‍್ಯಾಮ್ ಮತ್ತಿತರ ಭಾಗಗಳನ್ನು ಜೋಡಿಸುವ ಚಿಪ್‌ಗಳು) ಬೇರೆ ಬೇರೆ, ಇಲ್ಲಿ ಲೆಕ್ಕಕ್ಕೆ ಬರುವುದು ಅದೇ.

ಯಾಕೆ ಇಷ್ಟು ಕಟ್ಟುನಿಟ್ಟು ಅಂದರೆ, ಯಂತ್ರ ಆನ್ ಆದ ತಕ್ಷಣ ಬೂಟ್ ಫರ್ಮ್‌ವೇರ್ (ಬಯೋಸ್, ಲಿಬ್ರೆಬೂಟ್ ಥರದ್ದು) ಮಾಡಬೇಕಾದ ಅತಿ ಕಷ್ಟದ ಕೆಲಸ ರ‍್ಯಾಮ್ ಎಬ್ಬಿಸುವುದು. ಆ ಹೊತ್ತಿಗೆ ಬಳಸಲು ರ‍್ಯಾಮೇ ಇರುವುದಿಲ್ಲ. ಪ್ರೊಸೆಸರ್‌ನ ಕ್ಯಾಶನ್ನೇ ತಾತ್ಕಾಲಿಕವಾಗಿ ರ‍್ಯಾಮ್ ಮಾಡಿಕೊಂಡು, ಸ್ಟಿಕ್ ಮೇಲಿರುವ ಪುಟ್ಟ ಚಿಪ್‌ನಿಂದ ಅದರ ವಿವರ ಓದಿ, ಟೈಮಿಂಗ್ ಹೊಂದಿಸಬೇಕು. ಈ ಕೋಡ್ ಒಂದೊಂದು ಚಿಪ್‌ಸೆಟ್‌ಗೂ ಬೇರೆ. ಅದರ ಮೇಲೆ ಒಂದೊಂದು ಮದರ್‌ಬೋರ್ಡ್‌ಗೂ ಬೇರೆ ಸೆಟ್ಟಿಂಗ್ ಇರುತ್ತದೆ. ಲಿನಕ್ಸ್ ಪೆನ್‌ಡ್ರೈವ್ ಥರ ಒಂದೇ ಫೈಲ್ ಎಲ್ಲದಕ್ಕೂ ನಡೆಯುವುದಿಲ್ಲ. ಈ ಕೆಲಸ ಮಾಡುವುದು ಕೋರ್‌ಬೂಟ್. 1999ರಲ್ಲಿ ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದಲ್ಲಿ ಲಿನಕ್ಸ್‌ಬಯೋಸ್ ಅಂತ ಶುರುವಾಗಿ, 2008ರಲ್ಲಿ ಈ ಹೆಸರಿಗೆ ಬಂತು. ಅದನ್ನೇ ರೆಡಿ ಫೈಲ್‌ಗಳಾಗಿ ಕಟ್ಟಿ ಕೊಡುವುದು ಲಿಬ್ರೆಬೂಟ್.

ಇನ್ನೊಂದು ವಿಷಯ ಗಮನದಲ್ಲಿರಲಿ. ಲಿಬ್ರೆಬೂಟ್ ಮೊದಲು ಪೂರ್ತಿ ಸ್ವತಂತ್ರ ಕೋಡ್ (ಯಾರು ಬೇಕಾದರೂ ಓದಿ ಬದಲಿಸಬಹುದಾದದ್ದು) ಇರುವ ಬೋರ್ಡ್‌ಗಳನ್ನು ಮಾತ್ರ ಸೇರಿಸುತ್ತಿತ್ತು. 2022ರ ನವೆಂಬರ್‌ನಲ್ಲಿ ನಿಯಮ ಸಡಿಲಿಸಿ, ಮುಚ್ಚಿದ ಕೋಡ್ ಆದಷ್ಟು ಕಡಿಮೆ ಇರಲಿ ಅನ್ನುವ ನೀತಿಗೆ ಬಂತು. ಹಾಗಾಗಿ "ಲಿಬ್ರೆಬೂಟ್ ಪಟ್ಟಿಯಲ್ಲಿದೆ" ಅಂದ ಮಾತ್ರಕ್ಕೆ "ಪೂರ್ತಿ ಸ್ವತಂತ್ರ" ಅಂತ ಈಗ ಅರ್ಥವಲ್ಲ. ಹಳೆ ನಿಯಮವೇ ಬೇಕು ಅನ್ನುವವರಿಗೆ ಕ್ಯಾನೋಬೂಟ್ ಮತ್ತು ಗ್ನೂ ಬೂಟ್ ಇವೆ.

ಈಗ ಟಿ60. ಯಾವುದಾದರೂ ಲಿನಕ್ಸ್ ಲೈವ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಟರ್ಮಿನಲ್‌ನಲ್ಲಿ ಎಲ್‌ಎಸ್‌ಪಿಸಿಐ (lspci) ಕಮಾಂಡ್ ಕೊಡಿ. ಬರುವ ಪಟ್ಟಿಯಲ್ಲಿ ವಿಜಿಎ ಅನ್ನುವ ಸಾಲು ಹುಡುಕಿ. ಇಂಟೆಲ್ 945 ಅಂತ ಇದ್ದರೆ ಮುಂದುವರಿಯಿರಿ. ಎಟಿಐ ಅಂತ ಇದ್ದರೆ ಅಲ್ಲಿಗೆ ನಿಲ್ಲಿಸಿ. ಆ ಚಿಪ್ ಎಬ್ಬಿಸಲು ಕಂಪನಿಯ ಮುಚ್ಚಿದ ಕೋಡ್ (ವಿಜಿಎ ರೋಮ್) ಬೇಕು, ಲಿಬ್ರೆಬೂಟ್‌ನಲ್ಲಿ ಆ ಟಿ60ಕ್ಕೆ ಜಾಗ ಇಲ್ಲ. ಇಂಟೆಲ್ ಗ್ರಾಫಿಕ್ಸ್ ಇದ್ದರೂ ಕೆಲವು ಎಲ್‌ಸಿಡಿ ಪ್ಯಾನೆಲ್‌ಗಳು ಹೊಂದುವುದಿಲ್ಲ. ಪ್ಯಾನೆಲ್ ಹಿಂದಿನ ಪಾರ್ಟ್ ನಂಬರನ್ನು ಪಟ್ಟಿ ಜೊತೆ ತಾಳೆ ನೋಡಿ.

ಪ್ರೊಸೆಸರ್ ಕೂಡ ನೋಡಿಕೊಳ್ಳಿ. ಬರೀ ಕೋರ್ ಡ್ಯುಯೋ ಆಗಿದ್ದರೆ ಅದು 32 ಬಿಟ್. ಡೆಬಿಯನ್ 13ರಿಂದ 32 ಬಿಟ್ ಪಿಸಿಗೆ ಇನ್‌ಸ್ಟಾಲರ್ ಕೊಡುವುದನ್ನೇ ನಿಲ್ಲಿಸಿದ್ದಾರೆ. ಟಿ60ರಲ್ಲಿ ಪ್ರೊಸೆಸರ್ ಸಾಕೆಟ್‌ನಲ್ಲಿ ಕೂತಿರುತ್ತದೆ, ಕೋರ್ 2 ಡ್ಯುಯೋ ಟಿ7200 ಥರದ್ದು ತಂದು ಕೂರಿಸಿದರೆ 64 ಬಿಟ್ ಆಗುತ್ತದೆ. ಎಕ್ಸ್60ರಲ್ಲಿ ಬೋರ್ಡಿಗೇ ಬೆಸೆದಿರುವುದರಿಂದ ಆ ದಾರಿ ಇಲ್ಲ. ರ‍್ಯಾಮ್ ಎಷ್ಟು ಹಾಕಿದರೂ 945ರಲ್ಲಿ ಬಳಕೆಗೆ ಸಿಗುವುದು ಸುಮಾರು 3 ಜಿಬಿ.

ಟಿ60ರ ಒಂದು ಅನುಕೂಲ, ಲ್ಯಾಪ್‌ಟಾಪ್ ಬಿಚ್ಚದೆಯೇ ಹಾಕಬಹುದು. ಹಳೆ ಬಯೋಸ್ ತಾನಿರುವ ಫ್ಲ್ಯಾಶ್ ಚಿಪ್‌ನ ಕೊನೆಯ 64 ಕೆಬಿ ಜಾಗಕ್ಕೆ ಬೀಗ ಹಾಕಿರುತ್ತದೆ, ಬೂಟ್ ಶುರುವಾಗುವುದೂ ಅಲ್ಲಿಂದಲೇ. ಬಿಯುಸಿಟಿಎಸ್ ಅನ್ನುವ ಸಣ್ಣ ಪ್ರೋಗ್ರಾಂ ಒಂದು ಬಿಟ್ ಬದಲಿಸಿ, ಅದರ ಹಿಂದಿನ 64 ಕೆಬಿಯಿಂದ ಬೂಟ್ ಆಗುವ ಹಾಗೆ ಮಾಡುತ್ತದೆ. ಮೊದಲ ಸಲ ಬರೆಯುವಾಗ ಬೀಗ ಇರುವ ಜಾಗದಲ್ಲಿ ಎರರ್ ಬರುತ್ತದೆ, ಗಾಬರಿ ಬೇಡ, ಅದು ಬರಲೇಬೇಕು. ಹೊಸ ಫರ್ಮ್‌ವೇರ್‌ನಿಂದ ಬೂಟ್ ಆದ ಮೇಲೆ ಬೀಗ ಇರುವುದಿಲ್ಲ. ಆಗ ಎರಡನೇ ಸಲ ಪೂರ್ತಿ ಬರೆದು, ಆ ಬಿಟ್ಟನ್ನು ವಾಪಸ್ ಸೊನ್ನೆ ಮಾಡಬೇಕು. ಈ ಎರಡು ಹಂತದ ಮಧ್ಯೆ ಸಿಮಾಸ್ ಬ್ಯಾಟರಿ (ಗಡಿಯಾರ ಓಡಿಸುವ ಪುಟ್ಟ ಬ್ಯಾಟರಿ) ಸತ್ತರೆ ಅಥವಾ ಯಾರಾದರೂ ಕಿತ್ತರೆ ಬಿಟ್ ಸೊನ್ನೆಗೆ ಹೋಗುತ್ತದೆ, ಯಂತ್ರ ಬೂಟ್ ಆಗುವುದಿಲ್ಲ. ಆದ್ದರಿಂದ ಟೈಮ್ ಆಗಾಗ ತಪ್ಪಿ ಹೋಗುವ ಲ್ಯಾಪ್‌ಟಾಪ್ ಆಗಿದ್ದರೆ ಮೊದಲು ಆ ಪುಟ್ಟ ಬ್ಯಾಟರಿ ಬದಲಿಸಿ.

ನಿಮ್ಮ ಮೂರರಲ್ಲಿ ಮುತ್ತಿನಂಥದ್ದು ಎಕ್ಸ್200. 2008ರ ಯಂತ್ರ, ಜಿಎಂ45 ಚಿಪ್‌ಸೆಟ್. ಇದರಲ್ಲಿ ಇಂಟೆಲ್ ಮ್ಯಾನೇಜ್‌ಮೆಂಟ್ ಎಂಜಿನ್ ಇದೆ, ಅಂದರೆ ಪ್ರೊಸೆಸರ್‌ಗೂ ಗೊತ್ತಾಗದ ಹಾಗೆ ಪಕ್ಕದಲ್ಲಿ ಓಡುವ ಇನ್ನೊಂದು ಕಂಪ್ಯೂಟರ್. ಆದರೆ ಈ ತಲೆಮಾರಿನಲ್ಲಿ ಅದನ್ನು ಪೂರ್ತಿ ತೆಗೆಯಬಹುದು. ಫ್ಲ್ಯಾಶ್ ಚಿಪ್‌ನ ಆರಂಭದಲ್ಲಿ, ಯಾವ ಭಾಗ ಯಾವುದಕ್ಕೆ ಅಂತ ಹೇಳುವ 4 ಕೆಬಿ ಡಿಸ್ಕ್ರಿಪ್ಟರ್ ಇರುತ್ತದೆ. ಅದರಲ್ಲಿ ಎಂಜಿನ್ ಬೇಡ ಅಂತ ಗುರುತು ಹಾಕಿ, ಅದರ ಜಾಗವನ್ನೇ ಅಳಿಸಿದರೂ ಯಂತ್ರ ಚೆನ್ನಾಗಿ ಓಡುತ್ತದೆ. ಡಿಸ್ಕ್ರಿಪ್ಟರ್ 4 ಕೆಬಿ, ಈಥರ್ನೆಟ್ ಸೆಟ್ಟಿಂಗ್ 8 ಕೆಬಿ, ಉಳಿದದ್ದೆಲ್ಲ ನಿಮ್ಮ ಫರ್ಮ್‌ವೇರ್‌ಗೆ. ಟಿ400, ಟಿ500, ಡಬ್ಲ್ಯೂ500, ಆರ್400 ಕೂಡ ಇದೇ ಬಳಗ.

ರ‍್ಯಾಮ್ ವಿಷಯದಲ್ಲಿ ಜಿಎಂ45 ತುಂಬಾ ಹಠಮಾರಿ. ಡಿಡಿಆರ್3, ಗರಿಷ್ಠ 8 ಜಿಬಿ, ಎರಡು 4 ಜಿಬಿ ಸ್ಟಿಕ್. ಪಿಸಿ3-8500 ವೇಗದಲ್ಲಿ ಓಡಬಲ್ಲ ಸ್ಟಿಕ್ ಬೇಕು, ಅದಕ್ಕಿಂತ ವೇಗದ್ದಾದರೆ ಆ ವೇಗಕ್ಕೆ ಇಳಿಯುವಂಥದ್ದು ಇರಬೇಕು. 4 ಜಿಬಿ ಸ್ಟಿಕ್ ಕೊಳ್ಳುವಾಗ ಲೇಬಲ್ ಓದಿ, 2ಆರ್x8 ಅಂತ ಇರಲಿ. 1ಆರ್x8 ಇದ್ದರೆ ಯಂತ್ರ ಏಳದೇ ಹೋಗಬಹುದು. ಎರಡೂ ಸ್ಟಿಕ್ ಒಂದೇ ಜೋಡಿ ಆಗಿದ್ದರೆ ಒಳ್ಳೆಯದು. ಫ್ಲ್ಯಾಶ್ ಮಾಡಿದ ಮೇಲೆ ಪರದೆ ಕಪ್ಪಗಿದ್ದರೆ ಫರ್ಮ್‌ವೇರ್ ಹಾಳಾಯಿತು ಅಂದುಕೊಳ್ಳುವ ಮೊದಲು ಒಂದೇ ಸ್ಟಿಕ್ ಹಾಕಿ ನೋಡಿ.

ಎಕ್ಸ್200ಕ್ಕೆ ಮೊದಲ ಸಲ ಹೊರಗಿನಿಂದಲೇ, ಅಂದರೆ ಚಿಪ್‌ಗೆ ಕ್ಲಿಪ್ ಹಿಡಿಸಿ ಇನ್ನೊಂದು ಕಂಪ್ಯೂಟರ್‌ನಿಂದ ಬರೆಯಬೇಕು. ಕೀಬೋರ್ಡ್, ಪಾಮ್‌ರೆಸ್ಟ್ ತೆಗೆದರೆ ಚಿಪ್ ಸಿಗುತ್ತದೆ, ಮದರ್‌ಬೋರ್ಡ್ ಹೊರತೆಗೆಯುವುದು ಬೇಡ. 8 ಕಾಲಿನ ಚಿಪ್ ಇದ್ದರೆ ಸಾಮಾನ್ಯವಾಗಿ 4 ಎಂಬಿ, 16 ಕಾಲಿನದಾದರೆ 8 ಎಂಬಿ. ಕ್ಲಿಪ್ ಕೂಡ ಅದಕ್ಕೆ ತಕ್ಕ ಹಾಗೆ, 8ಕ್ಕೆ ಪೊಮೋನಾ 5250, 16ಕ್ಕೆ 5252. ಚಿಪ್ ನೋಡದೆ ಕ್ಲಿಪ್ ಆರ್ಡರ್ ಮಾಡಬೇಡಿ. ನಿಮ್ಮದು ಎಕ್ಸ್200ಎಸ್ ಅಥವಾ ಟ್ಯಾಬ್ಲೆಟ್ ಆಗಿದ್ದರೆ ಚಿಪ್‌ನ ಕಾಲುಗಳು ಅಡಿಯಲ್ಲೇ ಅಡಗಿರಬಹುದು. ಅದಕ್ಕೆ ಕ್ಲಿಪ್ ಹಿಡಿಯುವುದಿಲ್ಲ, ಬೆಸುಗೆ ಕೆಲಸ ಬರುವವರ ಸಹಾಯ ಬೇಕು.

ಪ್ರೋಗ್ರಾಮರ್ (ಚಿಪ್‌ಗೆ ಬರೆಯುವ ಸಾಧನ) ಆಗಿ ರಾಸ್ಪ್‌ಬೆರಿ ಪೈ ಪಿಕೋ ಅನ್ನುವ ಪುಟ್ಟ ಬೋರ್ಡ್ ತಗೊಳ್ಳಿ, ಅದನ್ನು ಆ ಕೆಲಸಕ್ಕೆ ಹಚ್ಚುವ ಸರ್‌ಪ್ರಾಗ್ ಫರ್ಮ್‌ವೇರ್ ಹಾಕಿ. ಎಲ್ಲರೂ ಹೇಳುವ ಕಪ್ಪು ಬಣ್ಣದ ಸಿಎಚ್341ಎ ಪ್ರೋಗ್ರಾಮರ್ ಬೇಡ. ಚಿಪ್‌ಗೆ 3.3 ವೋಲ್ಟ್ ಕೊಟ್ಟರೂ ಅದರ ಡೇಟಾ ತಂತಿಗಳಲ್ಲಿ 5 ವೋಲ್ಟ್ ಬರುತ್ತದೆ, ಬೋರ್ಡ್ ಮೇಲಿನ ಬೇರೆ ಭಾಗಕ್ಕೂ ಅದು ತಗಲುತ್ತದೆ. ಬದುಕಿದವು ಬದುಕಿವೆ ನಿಜ, ಆದರೆ ನಿಮ್ಮ ಎಕ್ಸ್200 ಮೇಲೆ ಆ ಪರೀಕ್ಷೆ ಯಾಕೆ?

ಚಿಪ್‌ನ ಮೂಲೆಯಲ್ಲಿ ಒಂದು ಚುಕ್ಕಿ ಇರುತ್ತದೆ, ಅದು 1ನೇ ಕಾಲು. 8 ಕಾಲಿನದರಲ್ಲಿ 1 ಚಿಪ್ ಸೆಲೆಕ್ಟ್, 2 ಮಿಸೋ (ಚಿಪ್‌ನಿಂದ ಬರುವ ಡೇಟಾ), 4 ಗ್ರೌಂಡ್, 5 ಮೋಸಿ (ಚಿಪ್‌ಗೆ ಹೋಗುವ ಡೇಟಾ), 6 ಕ್ಲಾಕ್, 8 ಪವರ್. 16ರಲ್ಲಿ 2 ಪವರ್, 7 ಚಿಪ್ ಸೆಲೆಕ್ಟ್, 8 ಮಿಸೋ, 10 ಗ್ರೌಂಡ್, 15 ಮೋಸಿ, 16 ಕ್ಲಾಕ್. ಬ್ಯಾಟರಿ, ಚಾರ್ಜರ್ ಎರಡೂ ತೆಗೆದಿರಬೇಕು. ಕ್ಲಿಪ್ ಹಾಕಿದ ಮೇಲೆ ಪಿಕೋ ಯುಎಸ್‌ಬಿಗೆ ಚುಚ್ಚಿ, ತೆಗೆಯುವಾಗ ಮೊದಲು ಯುಎಸ್‌ಬಿ ಕೀಳಿ. ತಂತಿ ಗಿಡ್ಡ ಇದ್ದಷ್ಟೂ ಒಳ್ಳೆಯದು. ಚಿಪ್ ಸಿಗಲಿಲ್ಲ ಅಂತ ಫ್ಲ್ಯಾಶ್‌ರೋಮ್ (ಚಿಪ್ ಓದಿ ಬರೆಯುವ ಪ್ರೋಗ್ರಾಂ) ಹೇಳಿದರೆ ಕ್ಲಿಪ್ ತೆಗೆದು ಮತ್ತೆ ಕೂರಿಸಿ, ಡೇಟಾ ಹೋಗುವ ಎಸ್‌ಪಿಐ ವೇಗ ಇಳಿಸಿ ನೋಡಿ.

ಬರೆಯುವ ಮೊದಲು ಹಳೆಯದನ್ನು ಎರಡು ಸಲ ಓದಿ ಎರಡು ಫೈಲ್ ಮಾಡಿ, ಎರಡರ ಚೆಕ್‌ಸಮ್ (ಫೈಲ್‌ನಿಂದ ಲೆಕ್ಕ ಹಾಕಿದ ಗುರುತು) ಹೋಲಿಸಿ. ಒಂದೇ ಇದ್ದರೆ ಮಾತ್ರ ಮುಂದೆ. ಬೇರೆ ಬಂದರೆ ಸಂಪರ್ಕ ಸಡಿಲ ಅಂತ ಅರ್ಥ, ಆ ಸ್ಥಿತಿಯಲ್ಲಿ ಬರೆಯಲೇಬೇಡಿ. ಆ ಫೈಲ್‌ನ ಒಂದು ಪ್ರತಿ ಬೇರೆ ಯಂತ್ರದಲ್ಲಿಡಿ. ಹೊಸ ಫೈಲ್‌ಗೆ ನಿಮ್ಮ ಈಥರ್ನೆಟ್‌ನ ಮ್ಯಾಕ್ ವಿಳಾಸ (ನೆಟ್‌ವರ್ಕ್‌ನಲ್ಲಿ ಯಂತ್ರವನ್ನು ಗುರುತಿಸುವ ನಂಬರ್) ಸೇರಿಸುವುದನ್ನೂ ಮರೆಯಬೇಡಿ. ಸುಮ್ನೆ ರೆಡಿ ಫೈಲ್ ಬರೆದರೆ ಅದರಲ್ಲಿರುವ ವಿಳಾಸವೇ ಬರುತ್ತದೆ, ಒಂದೇ ನೆಟ್‌ವರ್ಕ್‌ನಲ್ಲಿ ಅಂಥ ಎರಡು ಯಂತ್ರ ಇದ್ದರೆ ಜಗಳ ಶುರು. ಮತ್ತೊಂದು ಮಾತು, ಬಿಚ್ಚುವ ಮೊದಲು ಕಂಪನಿಯ ಕೊನೆಯ ಬಯೋಸ್ ಅಪ್‌ಡೇಟ್ ಹಾಕಿಕೊಳ್ಳಿ. ಕೀಬೋರ್ಡ್, ಫ್ಯಾನ್, ಬ್ಯಾಟರಿ ನೋಡಿಕೊಳ್ಳುವ ಇಸಿ ಚಿಪ್‌ನ ಫರ್ಮ್‌ವೇರ್ ಅದರ ಜೊತೆಗೇ ಬರುತ್ತದೆ, ಆಮೇಲೆ ಅದನ್ನು ಹಾಕುವುದು ಕಷ್ಟ. ಆ ಇಸಿ ಫರ್ಮ್‌ವೇರ್ ಮುಚ್ಚಿದ ಕೋಡ್, ಎಕ್ಸ್200ರಲ್ಲೂ ಅದು ಹಾಗೇ ಉಳಿಯುತ್ತದೆ.

ಒಮ್ಮೆ ಹಾಕಿದ ಮೇಲೆ ಮುಂದಿನ ಅಪ್‌ಡೇಟ್‌ಗೆ ಕ್ಲಿಪ್ ಬೇಡ. ಲಿನಕ್ಸ್ ಕರ್ನಲ್‌ಗೆ ಐಒಮೆಮ್=ರಿಲ್ಯಾಕ್ಸ್ಡ್ (iomem=relaxed) ಅಂತ ಕೊಟ್ಟು ಬೂಟ್ ಮಾಡಿ ಒಳಗಿನಿಂದಲೇ ಬರೆಯಬಹುದು. ಪೇಲೋಡ್ (ಫರ್ಮ್‌ವೇರ್ ಕೊನೆಗೆ ಓಡಿಸುವ, ಓಎಸ್ ಎಬ್ಬಿಸುವ ಪ್ರೋಗ್ರಾಂ) ಆಯ್ಕೆ ಕೇಳಿದರೆ, ಲಿನಕ್ಸ್ ಮಾತ್ರ ಬಳಸುವವರಿಗೆ ಗ್ರಬ್ ಒಳ್ಳೆಯದು, ಎನ್‌ಕ್ರಿಪ್ಟ್ ಆದ ಡಿಸ್ಕ್‌ನ ಬೂಟ್ ಭಾಗವನ್ನೂ ಅದು ತೆರೆಯುತ್ತದೆ. ಬಿಎಸ್‌ಡಿ (ಲಿನಕ್ಸ್ ಥರದ ಇನ್ನೊಂದು ಓಎಸ್) ಹಾಕುವುದಿದ್ದರೆ ಸೀಬಯೋಸ್. ಮೈಕ್ರೋಕೋಡ್ (ಪ್ರೊಸೆಸರ್ ಒಳಗೇ ಓಡುವ ಸಣ್ಣ ಕೋಡ್) ಅಪ್‌ಡೇಟ್ ಇರುವ ಫೈಲನ್ನೇ ಹಾಕಿ ಅನ್ನುವುದು ನನ್ನ ಸಲಹೆ. ಅದನ್ನು ಬಿಟ್ಟರೂ ಪ್ರೊಸೆಸರ್ ಒಳಗೆ ಹಳೆ ಮೈಕ್ರೋಕೋಡ್ ಇದ್ದೇ ಇರುತ್ತದೆ, ಕಳೆದುಕೊಳ್ಳುವುದು ಅದರ ತಪ್ಪುಗಳಿಗೆ ಬಂದ ತಿದ್ದುಪಡಿಗಳನ್ನು ಮಾತ್ರ.

ಎಕ್ಸ್201 ಯಾಕೆ ಬೇಡ? ನೋಡಲು ಎಕ್ಸ್200ರ ತಮ್ಮನ ಥರ ಇದ್ದರೂ ಅದು ಮೊದಲ ತಲೆಮಾರಿನ ಕೋರ್ ಐ5, ಐ7 ಇರುವ 2010ರ ಯಂತ್ರ. ಅಲ್ಲಿಂದ ಇಂಟೆಲ್ ನಿಯಮ ಬದಲಿಸಿತು. ಇಂಟೆಲ್ ಸಹಿ ಇರುವ ಮ್ಯಾನೇಜ್‌ಮೆಂಟ್ ಎಂಜಿನ್ ಫರ್ಮ್‌ವೇರ್ ಸಿಗದಿದ್ದರೆ ಯಂತ್ರ 30 ನಿಮಿಷಕ್ಕೆ ಆಫ್ ಆಗುತ್ತದೆ. ಕೋರ್‌ಬೂಟ್ ಅದಕ್ಕೂ ಇದೆ, ಎಂಇ ಕ್ಲೀನರ್ ಅನ್ನುವ ಪ್ರೋಗ್ರಾಂ ಬಳಸಿ ಎಂಜಿನ್‌ನ ಹೆಚ್ಚಿನ ಭಾಗ ಕತ್ತರಿಸಲೂಬಹುದು, ಆದರೆ ಸ್ವಲ್ಪ ಭಾಗ ಉಳಿಯಲೇಬೇಕು. ಪಕ್ಕದಲ್ಲೇ ಎಕ್ಸ್200 ಇರುವಾಗ ಈ ಶ್ರಮ ದಂಡ.

ಹಾಗೆ ಸ್ವಲ್ಪ ಉಳಿದರೂ ಪರವಾಗಿಲ್ಲ, ವೇಗ ಬೇಕು ಅನ್ನುವುದಾದರೆ ಎಕ್ಸ್201 ಬಿಟ್ಟು ನೇರ 2012ರ ಎಕ್ಸ್230 ಅಥವಾ ಟಿ430 ಹುಡುಕಿ. ಅವುಗಳಲ್ಲಿ ರ‍್ಯಾಮ್ ಎಬ್ಬಿಸುವ ಕೋಡ್, ಗ್ರಾಫಿಕ್ಸ್ ಕೋಡ್ ಎರಡೂ ಸ್ವತಂತ್ರ, ಎಂಜಿನ್ ಮಾತ್ರ ಕತ್ತರಿಸಿದ ರೂಪದಲ್ಲಿ ಉಳಿಯುತ್ತದೆ. ಅವಕ್ಕೆ 8 ಮತ್ತು 4 ಎಂಬಿಯ ಎರಡು ಚಿಪ್ ಇರುತ್ತವೆ, ಫೈಲನ್ನು ಸರಿಯಾಗಿ ಭಾಗ ಮಾಡಿ ಬರೆಯಬೇಕು. ಕ್ಲಿಪ್ ಅಂದರೆ ಭಯ ಇರುವವರಿಗೆ ಡೆಲ್ ಲ್ಯಾಟಿಟ್ಯೂಡ್ ಇ6400 ಹೇಳಿ ಮಾಡಿಸಿದ ಹಾಗಿದೆ. ಎಕ್ಸ್200ರದೇ ಚಿಪ್‌ಸೆಟ್ ಬಳಗ, ಸಾಫ್ಟ್‌ವೇರ್‌ನಿಂದಲೇ ಬೀಗ ತೆಗೆದು ಬರೆಯಬಹುದು. ಇಂಟೆಲ್ ಗ್ರಾಫಿಕ್ಸ್ ಇರುವುದನ್ನೇ ಆರಿಸಿಕೊಳ್ಳಿ, ಎನ್‌ವಿಡಿಯಾ ಬೇಡ. 2013ರಿಂದ ಈಚಿನ ಬಹಳಷ್ಟು ಯಂತ್ರಗಳಲ್ಲಿ ಬೂಟ್ ಗಾರ್ಡ್ ಇದೆ. ಕಂಪನಿ ಸಹಿ ಇಲ್ಲದ ಫರ್ಮ್‌ವೇರನ್ನು ಪ್ರೊಸೆಸರ್ ಓಡಿಸುವುದೇ ಇಲ್ಲ, ಕ್ಲಿಪ್ ಹಾಕಿ ಬರೆದರೂ ಅಷ್ಟೆ. ಟಿ440ಪಿಯಲ್ಲಿ ಆ ತೊಂದರೆ ಇಲ್ಲ. ಟಿ480ಕ್ಕೆ ಎಂಜಿನ್‌ನಲ್ಲಿದ್ದ ಒಂದು ಹಳೆ ದೋಷ ಬಳಸಿಕೊಂಡು ದಾರಿ ಮಾಡಿದ್ದಾರೆ.

ವೈಫೈ ಪ್ರಶ್ನೆ ಉಳಿಯಿತು. ನಿಮ್ಮಲ್ಲಿರುವ ಇಂಟೆಲ್ ಕಾರ್ಡ್ ಬೂಟ್ ಫರ್ಮ್‌ವೇರ್ ಬದಲಿಸಿದರೂ ಮೊದಲಿನ ಹಾಗೇ ನಡೆಯುತ್ತದೆ, ಆದರೆ ಲಿನಕ್ಸ್ ಅದಕ್ಕೆ ಮುಚ್ಚಿದ ಫರ್ಮ್‌ವೇರ್ ಫೈಲ್ ಲೋಡ್ ಮಾಡಬೇಕು. ಅದು ಬೇಡ ಅಂದರೆ ಅಥೆರೋಸ್ ಕಾರ್ಡ್ ಹಾಕಿ. ಎಆರ್9280, ಎಆರ್9285, ಎಆರ್9380 ಥರದವು ಎಟಿಎಚ್9ಕೆ ಡ್ರೈವರ್‌ನಲ್ಲಿ ಯಾವ ಫೈಲೂ ಇಲ್ಲದೆ ಓಡುತ್ತವೆ. ಹಳೆ ಥಿಂಕ್‌ಪ್ಯಾಡ್ ಬಯೋಸ್ ತನ್ನ ಪಟ್ಟಿಯಲ್ಲಿಲ್ಲದ ವೈಫೈ ಕಾರ್ಡ್ ಕಂಡರೆ ಬೂಟ್ ಆಗಲು ಒಪ್ಪುವುದಿಲ್ಲ. ಆದ್ದರಿಂದ ಮೊದಲು ಫ್ಲ್ಯಾಶ್ ಮಾಡಿ, ಕಾರ್ಡ್ ಆಮೇಲೆ ಬದಲಿಸಿ. ಒಳಗಿನ ಸ್ಲಾಟ್ ಬೇಡ ಅಂದರೆ ಎಆರ್9271 ಇರುವ ಯುಎಸ್‌ಬಿ ಡಾಂಗಲ್ ಸಿಗುತ್ತದೆ, ಅದರ ಫರ್ಮ್‌ವೇರ್ ಕೂಡ ಸ್ವತಂತ್ರ.

ಈಗ ನೀವು ಮಾಡಬೇಕಾದದ್ದು ಇಷ್ಟು. ಟಿ60ರ ಎಲ್‌ಎಸ್‌ಪಿಸಿಐ ಪಟ್ಟಿ ಇಲ್ಲಿ ಹಾಕಿ. ಎಕ್ಸ್200ರ ಪಾಮ್‌ರೆಸ್ಟ್ ತೆಗೆದು ಚಿಪ್ ಮೇಲಿನ ಅಕ್ಷರ ಓದಲು ಬರುವ ಹಾಗೆ ಒಂದು ಫೋಟೋ, ರ‍್ಯಾಮ್ ಲೇಬಲ್‌ನ ಇನ್ನೊಂದು ಫೋಟೋ ಹಾಕಿ. ಅಲ್ಲಿಯವರೆಗೆ ಕ್ಲಿಪ್ ಆಗಲಿ ರ‍್ಯಾಮ್ ಆಗಲಿ ಕೊಳ್ಳಬೇಡಿ. ಫೋಟೋ ನೋಡಿ ಯಾವ ಕ್ಲಿಪ್, ಎಷ್ಟು ಎಂಬಿಯ ಫೈಲ್ ಅಂತ ಹೇಳುತ್ತೇನೆ.