ಕಾಲುಚೀಲದ ನೂಲು ದಪ್ಪ ಮಾಡಬ್ಯಾಡ್ರಿ, ಹುರಿ ಬಿಗಿ ಮಾಡ್ರಿ

ಕೈಲೆ ನೂತು ಹೆಣೆದ ಕಾಲುಚೀಲ ಹಿಮ್ಮಡಿಗೆ ಹರೀತಾವ, ನೂಲು ದಪ್ಪ ಮಾಡ್ಲೇನು, ಮೆರಿನೋ ಕುರಿ ಉಣ್ಣೆ ತರಿಸ್ಲೇನು ಅಂತ ಕೇಳೀರಿ. ಎರಡೂ ಬ್ಯಾಡ್ರಿ. ನನ್ನ ಮೊದಲ ಜೋಡಿನೂ ಹಿಂಗೇ ಹೋಯ್ತು. ಐದನೇ ವಾರಕ್ಕ ಹಿಮ್ಮಡಿ ಬೆಳಕಿಗೆ ಹಿಡಿದ್ರ ಜರಡಿ ಕಂಡಂಗ ಕಾಣ್ತಿತ್ತು. ನೂಲು ಎಲ್ಲೂ ಕಡಿದಿರಲಿಲ್ಲ. ನಾರು ಒಂದೊಂದೇ ಜಾರಿ ಹೊರಗ ಬಂದು ಬೂಟಿನೊಳಗ ಗುಂಡಗ ಉಂಡಿ ಕಟ್ಟಿತ್ತು.

ತಪ್ಪು ಇದ್ದದ್ದು ಎಳೆಗೆ ಹಾಕಿದ ಸುತ್ತಿನೊಳಗ. ಒಂಟಿ ಎಳೆ ನೂಲುವಾಗ ಕದಿರು ಬಲಕ್ಕ ತಿರುಗಿಸ್ತೀವಿ, ಎಳೆ ಕೂಡಿಸಿ ಹುರಿ ಮಾಡುವಾಗ ಎಡಕ್ಕ. ಎಡಕ್ಕ ಸುತ್ತಿದಷ್ಟೂ ಒಂಟಿ ಎಳೆಯೊಳಗಿನ ಸುತ್ತು ಬಿಚ್ಚಿಕೋತ ಹೋಗ್ತದ. ನಾನು ಇಂಚಿಗೆ 6 ಸುತ್ತು ಹಾಕಿದ್ದೆ, ಎಳೆ ನೋಡಾಕ ಚಂದಿತ್ತು. ಹುರಿಗೆ 5 ಸುತ್ತು ಕೊಟ್ಟೆ. ಒಳಗ ಉಳಿದದ್ದು ಹೆಚ್ಚು ಕಮ್ಮಿ ಒಂದೇ ಸುತ್ತು! ಅಷ್ಟರಾಗ ನಾರು ನಿಲ್ಲೂದಿಲ್ಲ. ಒಂಟಿ ಎಳೆ ಕೈಗೆ ಸರಿ ಅನಿಸ್ತಂದ್ರ ಕಾಲುಚೀಲಕ್ಕ ಅದು ಸಡಿಲ ಅಂತಲೇ ತಿಳೀರಿ. ಅದು ಬಿಟ್ಟ ಕೂಡ್ಲೇ ತನ್ನಷ್ಟಕ್ಕ ಸುರುಳಿ ಸುತ್ತಬೇಕು. ಇಂಚಿಗೆ 13–14 ಸುತ್ತು ಹಾಕ್ರಿ, ಹುರಿಗೆ 7–8. ನೂತ ಹೊಸದರಾಗೇ ಒಂದು ಗೇಣು ಮಡಚಿ ಬಿಡ್ರಿ: ಮಡಚಿದ ಎಳೆ ಸಣ್ಣ ಮಣಿ ಪೋಣಿಸಿದಂಗ ಒತ್ತೊತ್ತಾಗಿ ಸುತ್ತಿಕೊಂಡ್ರ ಸರಿ, ಉದ್ದ ಅಲೆಯಾದ್ರ ಮತ್ತ ಸುತ್ತು ಕೊಡ್ರಿ.

ಎಳೆ ಮೂರು ಬೇಕು. ಎರಡೆಳೆ ನೂಲು ಚಪ್ಪಟೆ, ಉಬ್ಬಿದ ಜಾಗ ಮೊದಲು ಸವೀತದ. ಮೂರೆಳೆ ದುಂಡಗ ಕೂಡ್ತದ, ಸುತ್ತಲೂ ಸಮ ಸವೀತದ. 100 ಗ್ರಾಂ ನೂಲು 350–400 ಮೀಟರ್ ಬರಬೇಕು, ಒಂದು ಜೋಡಿಗೆ ಅಷ್ಟು ಸಾಕು. ಅಂದ್ರ ಒಂಟಿ ಎಳೆ 100 ಗ್ರಾಂಗೆ ಸುಮಾರು 1,200 ಮೀಟರ್, ದಪ್ಪ ಹೊಲಿಗೆ ದಾರದಷ್ಟು ಸಣ್ಣ. ಅದಕ್ಕ ಹಗುರ ಕದಿರು ಹಿಡೀರಿ, 20–25 ಗ್ರಾಂದು. ಹುರಿಗೆ ಭಾರದ್ದು.

ಉಣ್ಣೆ ಯಾವುದು? ಮೆರಿನೋ ಮೆತ್ತಗ, ಆದ್ರ ಹಿಮ್ಮಡಿ ಉಜ್ಜಾಟಕ್ಕ ಬೇಗ ಸವೀತದ. ನಮ್ಮ ಕಡೆ ಕಂಬಳಿಗೆ ಹಾಕೋ ದಖನಿ ಕುರಿ ಉಣ್ಣೆ ಗಟ್ಟಿ, ಆದ್ರ ಬಲಿತ ಕುರಿದು ಬರಿಗಾಲಿಗೆ ಚುಚ್ಚತದ, ಅದರಾಗಿನ ದಪ್ಪ ಬಿರುಸು ಕೂದಲು ಉದುರ್ತದ. ಬೀದರ, ಯಾದಗಿರಿ ಕಡೆ ಕುರಿಗಾರರನ್ನ ಕೇಳಿ ಮರಿಯ ಮೊದಲ ಕತ್ತರಿ ಉಣ್ಣೆ ತಗೋರಿ. ಕೆಂಗುರಿದು ಬ್ಯಾಡ, ಅದು ಮಾಂಸದ ತಳಿ. ಒಳ್ಳೆ ಉಣ್ಣೆಗೆ ನೂರಕ್ಕ 20–25 ಭಾಗ ನೈಲಾನ್ ನಾರು ಇಲ್ಲಾ ಮೊಹೇರ್ (ಅಂಗೋರಾ ಆಡಿನ ಕೂದಲು) ಬಾಚುವಾಗಲೇ ಬೆರಸ್ರಿ.

ಹಿಂಜಿ ಹಂಜಿ ಮಾಡಬ್ಯಾಡ್ರಿ, ಅದರಾಗ ನಾರು ಅಡ್ಡಾದಿಡ್ಡಿ ಕೂಡ್ತದ. ಉಕ್ಕಿನ ಬಾಚಣಿಗಿಲೆ ಬಾಚಿ, ಗಿಡ್ಡ ನಾರು ತೆಗೀರಿ. ಎಳೀವಾಗ ಸುತ್ತು ಬೆರಳು ದಾಟಿ ನಾರಿನೊಳಗ ಏರದಂಗ ಚಿವುಟಿ ಹಿಡೀರಿ, ಒದ್ದೆ ಬೆರಳಿಲೆ ಸವರಿ ಬಿಡ್ರಿ.

ಹುರಿ ಮಾಡಿದ ಲಡಿಯನ್ನ ಅಂಟವಾಳದ ಉಗುರುಬೆಚ್ಚಗಿನ ನೀರಾಗ ಅರ್ಧ ತಾಸು ನೆನೆಹಾಕಿ, ಝಾಡಿಸಿ, ಭಾರ ಕಟ್ಟದೆ ಒಣಗಿಸ್ರಿ. 2.25 ಮಿ.ಮೀ. ಕಡ್ಡಿಲೆ ಇಂಚಿಗೆ 8–9 ಕುಣಿಕೆ ಬರುವಂಗ ಹೆಣೀರಿ. ಸಡಿಲ ಹೆಣೆದ್ರ ಎಂಥಾ ನೂಲೂ ಉಳಿಯೂದಿಲ್ಲ. 10 ಗ್ರಾಂ ನೂಲು ತೆಗೆದಿಟ್ಟು, ಹಿಮ್ಮಡಿ ತೆಳ್ಳಗಾದ ಕೂಡ್ಲೇ, ತೂತು ಬೀಳೋ ಮೊದಲೇ, ಅದರಿಂದಲೇ ರಫು ಹಾಕ್ರಿ.